ತಡೆಯದೆ ಬಿಟ್ಟವನ ಲೆಕ್ಕ: ಕಾಲೇಜು ಫುಟ್‌ಬಾಲ್‌ನಲ್ಲಿ ಆಪ್ಷನ್ ಆಟ ಇನ್ನೂ ನಡೆಯುತ್ತದೆಯೇ?

2013ರ ನವೆಂಬರ್ 23ರಂದು ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರಲ್ಲಿ ಜಾರ್ಜಿಯಾ ಸದರ್ನ್ ವಿಶ್ವವಿದ್ಯಾಲಯದ ತಂಡವು ಫ್ಲೋರಿಡಾ ವಿಶ್ವವಿದ್ಯಾಲಯದ ತಂಡವನ್ನು ಗೇನ್ಸ್‌ವಿಲ್‌ನ ಅದರ ಸ್ವಂತ ಅಂಗಳದಲ್ಲೇ 26-20ರಿಂದ ಸೋಲಿಸಿತು. ಅಂದು ಜಾರ್ಜಿಯಾ ಸದರ್ನ್ ಎಸೆದ ಪಾಸ್‌ಗಳು ಮೂರು. ಅವುಗಳಲ್ಲಿ ಗುರಿ ಸೇರಿದ್ದು ಒಂದೂ ಇಲ್ಲ. ಓಡಿಯೇ ಗಳಿಸಿದ್ದು 429 ಯಾರ್ಡ್. ಕೆಳಗಿನ ವಿಭಾಗದ ತಂಡವೊಂದು, ದೇಶದ ಯಾವ ಮೂಲೆಯಿಂದಲಾದರೂ ಪ್ರತಿಭಾವಂತರನ್ನು ಆರಿಸಿ ತರಬಲ್ಲ ತಂಡವನ್ನು ಹೀಗೆ ಮಣಿಸಿದ ಆ ಪಂದ್ಯದ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಎದುರಾಳಿಯ ಆಟವನ್ನು ವಿಡಿಯೊದಲ್ಲಿ ಬಿಡಿಸಿ ನೋಡಿ, ಅಮೆರಿಕದ ಶಾಲಾ ತಂಡಗಳ ತರಬೇತುದಾರರಿಗೆ ವಿವರಿಸುವುದು ನನ್ನ ವೃತ್ತಿ. ಮಕ್ಕಳು ಇಲ್ಲಿನ ಕಾಲೇಜು ಸೇರಿದ ಮೇಲೆ ಶನಿವಾರದ ಪಂದ್ಯಗಳಿಗೆ ಮನಸೋತ ಕನ್ನಡಿಗ ಗೆಳೆಯರೂ, ಹೊಸದಾಗಿ ತಂಡದ ಹೊಣೆ ಹೊತ್ತ ಯುವ ತರಬೇತುದಾರರೂ ನನ್ನಲ್ಲಿ ಕೇಳುವುದು ಒಂದೇ: ಚೆಂಡು ಹಿಡಿದು ಓಡುವುದನ್ನೇ ನೆಚ್ಚಿದ ಈ ಆಪ್ಷನ್ ಆಟ ಈಗಿನ ಕಾಲಕ್ಕೂ ಒಗ್ಗುತ್ತದೆಯೇ?

ಉತ್ತರಕ್ಕೆ ಮೊದಲು ಆಟದ ಒಳಗುಟ್ಟನ್ನು ಹೇಳಲೇಬೇಕು. ಸಾಮಾನ್ಯ ಓಟದ ಆಟದಲ್ಲಿ ಆಕ್ರಮಣವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಇನ್ನೊಬ್ಬನ ಕೈಗಿತ್ತು ಸುಮ್ಮನಾಗುತ್ತಾನೆ. ಚೆಂಡು ಹಿಡಿದವನೂ ಯಾರನ್ನೂ ತಡೆಯುವುದಿಲ್ಲ, ಕೊಟ್ಟವನೂ ತಡೆಯುವುದಿಲ್ಲ. ಹೀಗಾಗಿ ಹನ್ನೊಂದು ರಕ್ಷಕರನ್ನು ಒಂಬತ್ತೇ ಮಂದಿ ನಿಭಾಯಿಸಬೇಕಾಗುತ್ತದೆ. ಟ್ರಿಪಲ್ ಆಪ್ಷನ್ ಈ ಲೆಕ್ಕವನ್ನೇ ತಿರುಗಿಸುತ್ತದೆ. ರಕ್ಷಣಾ ಸಾಲಿನ ಇಬ್ಬರನ್ನು ಅದು ಬೇಕೆಂದೇ ತಡೆಯದೆ ಬಿಡುತ್ತದೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದಿನಿಂದ ನೇರ ನುಗ್ಗಿಬರುವ ಫುಲ್‌ಬ್ಯಾಕ್‌ನ ಹೊಟ್ಟೆಯ ಬಳಿ ಇಟ್ಟು ಮೊದಲನೆಯವನನ್ನು ನೋಡುತ್ತಾನೆ; ಅವನು ಒಳಗೆ ಬಾಗಿದರೆ ಚೆಂಡನ್ನು ಎಳೆದುಕೊಂಡು ಹೊರಗೆ ಓಡುತ್ತಾನೆ, ಹೊರಗೇ ನಿಂತರೆ ಫುಲ್‌ಬ್ಯಾಕ್‌ಗೇ ಬಿಟ್ಟುಕೊಡುತ್ತಾನೆ. ಹೊರಗೆ ಓಡಿದಾಗ ಎರಡನೆಯವನು ಎದುರಾಗುತ್ತಾನೆ. ಅವನು ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಬಂದರೆ ಚೆಂಡು ಪಕ್ಕದಲ್ಲಿ ಓಡಿಬರುತ್ತಿರುವ ಸ್ಲಾಟ್‌ಬ್ಯಾಕ್‌ಗೆ ಹಾರುತ್ತದೆ (ಇದೇ ಪಿಚ್), ಹಿಂಜರಿದರೆ ಕ್ವಾರ್ಟರ್‌ಬ್ಯಾಕ್ ತಾನೇ ನುಗ್ಗುತ್ತಾನೆ. ಇಬ್ಬರು ರಕ್ಷಕರನ್ನು ಯಾರೂ ಮುಟ್ಟದೆಯೇ ಆಟದಿಂದ ಹೊರಗಿಟ್ಟಂತಾಯಿತು; ಅವರನ್ನು ತಡೆಯಬೇಕಿದ್ದವರು ರಕ್ಷಣಾ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳ ಮೇಲೆ ಬೀಳಬಹುದು. ಕಬಡ್ಡಿ ಬಲ್ಲವರಿಗೆ ಇದು ಹೊಸದೇನಲ್ಲ. ದಾಳಿಗೆ ಬಂದವನು ಕೈಚಾಚಿ ಆಸೆ ತೋರಿಸಿ, ಮೊದಲು ಮುನ್ನುಗ್ಗಿದ ಕಾವಲಿನವನನ್ನೇ ಔಟ್ ಮಾಡಿ ಮರಳುವ ಜಾಣತನವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಇತಿಹಾಸವನ್ನು ಉದ್ದ ಮಾಡುವುದಿಲ್ಲ. 1968ರಲ್ಲಿ ಟೆಕ್ಸಸ್ ತಂಡದಲ್ಲಿ ಎಮೊರಿ ಬೆಲ್ಲಾರ್ಡ್ ರೂಪಿಸಿದ, ಆಪ್ಷನ್ ಆಟದ ವಿಶ್‌ಬೋನ್ ವ್ಯೂಹ ಮೊದಲ ಎರಡು ಪಂದ್ಯಗಳಲ್ಲಿ ಗೆಲುವು ಕಾಣದಿದ್ದರೂ ಆಮೇಲೆ ಸತತ 30 ಪಂದ್ಯಗಳನ್ನು ಗೆದ್ದಿತು. 1971ರಲ್ಲಿ ಅದೇ ವ್ಯೂಹದಿಂದ ಒಕ್ಲಹೋಮಾ ಪ್ರತಿ ಪಂದ್ಯಕ್ಕೆ ಸರಾಸರಿ 472.4 ಯಾರ್ಡ್ ಓಡಿತು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. 1995ರ ಋತುವಿನ ಕೊನೆಯ ಪಂದ್ಯವಾದ ಫಿಯೆಸ್ಟಾ ಬೌಲ್‌ನಲ್ಲಿ ಟಾಮ್ ಆಸ್ಬಾರ್ನ್ ಅವರ ನೆಬ್ರಾಸ್ಕಾ ತಂಡ ಫ್ಲೋರಿಡಾ ವಿರುದ್ಧ 524 ಯಾರ್ಡ್ ಓಡಿ 62-24ರಿಂದ ಗೆದ್ದಾಗ, ಈ ಆಟಕ್ಕೆ ಮದ್ದಿಲ್ಲವೆಂದೇ ಎಲ್ಲರಿಗೂ ಅನ್ನಿಸಿತ್ತು. ಆದರೆ ಹತ್ತು ವರ್ಷ ಕಳೆಯುವುದರೊಳಗೆ ಅದೇ ನೆಬ್ರಾಸ್ಕಾ ಅದನ್ನು ಕೈಬಿಟ್ಟಿತು.

ಹಾಗೆ ಕೈಬಿಡಲು ಮೈದಾನದ ಸೋಲು ಕಾರಣವಾಗಿರಲಿಲ್ಲ. 2003ರಲ್ಲಿ ಆಸ್ಬಾರ್ನ್ ಅವರ ಉತ್ತರಾಧಿಕಾರಿ ಫ್ರಾಂಕ್ ಸೋಲಿಚ್ ಅವರನ್ನು ತೆಗೆದುಹಾಕಿದಾಗ ತಂಡದ ಲೆಕ್ಕ ಒಂಬತ್ತು ಗೆಲುವು, ಮೂರು ಸೋಲು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಮಾದರಿಯ ಪಾಸಿಂಗ್ ಆಟವಿದ್ದರೆ ಒಳ್ಳೆಯ ಹುಡುಗರು ಬಂದು ಸೇರುತ್ತಾರೆ ಎಂಬ ಆಡಳಿತದ ನಂಬಿಕೆ ಅಲ್ಲಿ ಕೆಲಸ ಮಾಡಿತೆಂದು ನನ್ನ ಎಣಿಕೆ. ಜಾರ್ಜಿಯಾ ಟೆಕ್‌ನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಪಾಲ್ ಜಾನ್ಸನ್ 2008ರಿಂದ 2018ರವರೆಗೆ ಅಲ್ಲಿ ಫ್ಲೆಕ್ಸ್‌ಬೋನ್ ಎಂಬ ವ್ಯೂಹದ ಆಪ್ಷನ್ ಆಡಿಸಿದರು. 2014ರ ತಂಡ 11 ಪಂದ್ಯ ಗೆದ್ದು, ಆರೆಂಜ್ ಬೌಲ್‌ನಲ್ಲಿ ಮಿಸಿಸಿಪಿ ಸ್ಟೇಟ್ ತಂಡವನ್ನು 49-34ರಿಂದ ಸೋಲಿಸಿತು. ಅವರು ನಿವೃತ್ತರಾದ ಮೇಲೆ ಆಧುನಿಕ ಆಟವೆಂದು ಹೊಸ ಪದ್ಧತಿ ತಂದ ಜಾರ್ಜಿಯಾ ಟೆಕ್, ಮುಂದಿನ ಮೂರು ಋತುಗಳಲ್ಲಿ ತಲಾ ಮೂರೇ ಪಂದ್ಯಗಳನ್ನು ಗೆದ್ದಿತು. ಆಪ್ಷನ್‌ಗೆಂದೇ ಕಟ್ಟಿದ ತಂಡವನ್ನು ಒಡೆದು ಕಟ್ಟುವುದು ಅಷ್ಟು ದುಬಾರಿ ಎಂಬುದನ್ನು ಆ ಅಂಕಿಗಳೇ ಹೇಳುತ್ತವೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಆಪ್ಷನ್ ಎಂಬ ತತ್ತ್ವ ಬೇರೆ, ಆಪ್ಷನ್ ಒಂದನ್ನೇ ನೆಚ್ಚಿದ ಪದ್ಧತಿ ಬೇರೆ. ತತ್ತ್ವವು ಇಂದು ಕಾಲೇಜು ಫುಟ್‌ಬಾಲ್‌ನ ಬಹುತೇಕ ಎಲ್ಲ ತಂಡಗಳಲ್ಲೂ ಉಸಿರಾಡುತ್ತಿದೆ. 1990ರ ದಶಕದ ಆರಂಭದಲ್ಲಿ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ರಿಚ್ ರೊಡ್ರಿಗಸ್ ಬೆಳೆಸಿದ ಜೋನ್ ರೀಡ್ ಎಂದರೆ, ಕ್ವಾರ್ಟರ್‌ಬ್ಯಾಕ್ ಕೆಲವು ಹೆಜ್ಜೆ ಹಿಂದೆ, ಅಂದರೆ ಶಾಟ್‌ಗನ್‌ನಲ್ಲಿ ನಿಂತು, ರಕ್ಷಣಾ ಸಾಲಿನ ಅಂಚಿನ ಒಬ್ಬ ಡಿಫೆನ್ಸಿವ್ ಎಂಡ್‌ನನ್ನು ತಡೆಯದೆ ಬಿಟ್ಟು ಅವನ ನಡೆ ನೋಡಿ ತೀರ್ಮಾನಿಸುವುದಷ್ಟೇ. ಟೆಕ್ಸಸ್‌ನ ವಿನ್ಸ್ ಯಂಗ್ 2006ರ ಜನವರಿಯ ರೋಸ್ ಬೌಲ್‌ನಲ್ಲಿ 200 ಯಾರ್ಡ್ ಓಡಿ ಯುಎಸ್‌ಸಿ ತಂಡವನ್ನು 41-38ರಿಂದ ಸೋಲಿಸುವಾಗಲೂ, 2010ರಲ್ಲಿ ಆಬರ್ನ್‌ನ ಕ್ಯಾಮ್ ನ್ಯೂಟನ್ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸುವಾಗಲೂ ನಡೆದದ್ದು ಈ ಕುಟುಂಬದ ಆಟವೇ. ಓಟವೋ ಪಾಸೋ ಎಂದು ಆ ಕ್ಷಣದಲ್ಲೇ ಆರಿಸುವ ಈಗಿನ ಆರ್‌ಪಿಒ ಕೂಡ ಅದೇ ಸಂತತಿ: ಓದಬೇಕಾದ ರಕ್ಷಕನು ಲೈನ್‌ಬ್ಯಾಕರ್ ಅಥವಾ ಇನ್ನೂ ಹಿಂದೆ ಕಾಯುವ ಸೇಫ್ಟಿ ಆಗಿರುತ್ತಾನೆ, ಪಿಚ್ ಇದ್ದ ಜಾಗದಲ್ಲಿ ಚಿಕ್ಕ ಪಾಸ್ ಇರುತ್ತದೆ. ಪಾಸ್ ಎಸೆಯುವ ಮುನ್ನ ಆಕ್ರಮಣ ಸಾಲಿನವರು ಮೂರು ಯಾರ್ಡ್ ಮುಂದೆ ಹೋಗಬಹುದೆಂಬ ಕಾಲೇಜು ನಿಯಮ ಇದಕ್ಕೆ ಅನುಕೂಲ. ಎನ್‌ಎಫ್‌ಎಲ್‌ನಲ್ಲಿ ಆ ಮಿತಿ ಒಂದೇ ಯಾರ್ಡ್. ಹಾಗಾಗಿ ತತ್ತ್ವದ ಮಟ್ಟಿಗೆ ಈ ಪ್ರಶ್ನೆಗೆ ಅರ್ಥವೇ ಇಲ್ಲ.

ಕ್ವಾರ್ಟರ್‌ಬ್ಯಾಕ್ ತನಗೆ ಚೆಂಡು ಕೊಡುವ ಸೆಂಟರ್‌ನ ಬೆನ್ನಿಗೇ ನಿಂತು, ಹಿಂದೆ ಫುಲ್‌ಬ್ಯಾಕ್, ಅಕ್ಕಪಕ್ಕ ಇಬ್ಬರು ಸ್ಲಾಟ್‌ಬ್ಯಾಕ್ ಇಟ್ಟುಕೊಂಡು ಪಂದ್ಯಕ್ಕೆ ಐವತ್ತು ಅರವತ್ತು ಸಲ ಓಡುವ ಪದ್ಧತಿಯ ಮಾತು ಬೇರೆ. ಅದರ ದೊಡ್ಡ ಬಲ ಅದರ ವಿರಳತೆ ಎಂಬುದು ನನ್ನ ಅನುಭವ. ಎದುರಾಳಿ ತಂಡಕ್ಕೆ ಭಾನುವಾರ ವಿಡಿಯೊ ಸಿಗುತ್ತದೆ, ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನ ಗಟ್ಟಿ ಅಭ್ಯಾಸ. ಆ ಮೂರು ದಿನ ಆಪ್ಷನ್ ಆಡಿ ತೋರಿಸಬೇಕಾದವರು ಅದೇ ತಂಡದ ಮೀಸಲು ಹುಡುಗರು. ಅವರ ಕ್ವಾರ್ಟರ್‌ಬ್ಯಾಕ್ ಬದುಕಿನಲ್ಲಿ ಒಮ್ಮೆಯೂ ಪಿಚ್ ಮಾಡಿರುವುದಿಲ್ಲ. ಮೆಶ್ ಎಂದು ಕರೆಯುವ, ಚೆಂಡು ಇಬ್ಬರ ಕೈಯಲ್ಲೂ ಇರುವ ಆ ಕ್ಷಣವನ್ನು ಅವನು ಅರ್ಧ ವೇಗದಲ್ಲಿ ಮಾಡಿ ತೋರಿಸುತ್ತಾನೆ. ರಕ್ಷಕರು ಆ ಅರ್ಧ ವೇಗಕ್ಕೆ ಒಗ್ಗಿಕೊಂಡು ಶನಿವಾರ ಮೈದಾನಕ್ಕಿಳಿದರೆ ಮೊದಲ ಹದಿನೈದು ನಿಮಿಷ ಎಲ್ಲವೂ ತಪ್ಪುತ್ತದೆ. ಒಬ್ಬೊಬ್ಬ ರಕ್ಷಕನಿಗೂ ಫುಲ್‌ಬ್ಯಾಕ್, ಕ್ವಾರ್ಟರ್‌ಬ್ಯಾಕ್, ಪಿಚ್ ಎಂದು ಒಂದೊಂದೇ ಹೊಣೆ ಹಂಚಿರುತ್ತಾರೆ. ಒಬ್ಬನು ಚಪಲಕ್ಕೆ ಬಿದ್ದು ಇನ್ನೊಬ್ಬನ ಹೊಣೆಗೆ ಕೈಹಾಕಿದರೆ ಅಲ್ಲೇ ಅರವತ್ತು ಯಾರ್ಡ್ ಹೋಯಿತು. ನಾನು ವಿಡಿಯೊ ನಿಲ್ಲಿಸಿ ತೋರಿಸುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಅಲ್ಲಿ ಶಕ್ತಿಯ ಕೊರತೆ ಇರುವುದಿಲ್ಲ, ತಾಳ್ಮೆಯ ಕೊರತೆ ಇರುತ್ತದೆ.

ಅಭ್ಯಾಸಕ್ಕೆ ಸಮಯ ಸಿಕ್ಕರೆ ಚಿತ್ರ ಬದಲಾಗುತ್ತದೆ. 2008ರ ಡಿಸೆಂಬರ್ 31ರಂದು, ವಾರಗಟ್ಟಲೆ ತಯಾರಿ ಮಾಡಿಕೊಂಡ ಎಲ್‌ಎಸ್‌ಯು ತಂಡ ಜಾನ್ಸನ್ ಅವರ ಜಾರ್ಜಿಯಾ ಟೆಕ್‌ಗೆ ಮೂರೇ ಅಂಕ ಬಿಟ್ಟುಕೊಟ್ಟು 38-3ರಿಂದ ಗೆದ್ದಿತು. ಅದಕ್ಕಿಂತ ಗಟ್ಟಿ ಸಾಕ್ಷ್ಯ ಆರ್ಮಿ ಮತ್ತು ನೇವಿ ಎಂಬ ಸೇನಾ ಅಕಾಡೆಮಿ ತಂಡಗಳ ಮುಖಾಮುಖಿ. ಎರಡೂ ತಂಡಗಳ ರಕ್ಷಕರು ಸ್ವಂತ ತಂಡದ ಆಪ್ಷನ್ ಎದುರು ವರ್ಷವಿಡೀ ಬೆವರು ಸುರಿಸಿರುತ್ತಾರೆ. 2020ರ ಪಂದ್ಯ 15-0ರಲ್ಲಿ ಮುಗಿಯಿತು. 2022ರಲ್ಲಿ ನಿಗದಿತ ಅವಧಿ ಮುಗಿದಾಗ ಎರಡೂ ಕಡೆ ಹತ್ತು ಹತ್ತೇ ಅಂಕಗಳಿದ್ದವು. ಎಲ್ಲರೂ ಆಪ್ಷನ್ ಆಡತೊಡಗಿದರೆ ಯಾರದ್ದೂ ನಡೆಯದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹಾಗೆ ನೋಡಿದರೆ ಈ ಆಟವನ್ನು ಬಿಟ್ಟವರೇ, ಉಳಿಸಿಕೊಂಡವರಿಗೆ ಉಪಕಾರ ಮಾಡಿದ್ದಾರೆ.

ಈ ಪದ್ಧತಿಗೆ ನಿಜವಾದ ಪೆಟ್ಟು ಕೊಟ್ಟದ್ದು ನಿಯಮಪುಸ್ತಕ. ಸೊಂಟದ ಕೆಳಗೆ ಬಿದ್ದು ರಕ್ಷಕನ ಕಾಲು ಕೀಳುವ ಕಟ್ ಬ್ಲಾಕ್ ಇಲ್ಲದೆ ಹಳೆಯ ಆಪ್ಷನ್ ಇಲ್ಲ. ಚಿಕ್ಕ ಮೈಯ ಹುಡುಗನು ದೊಡ್ಡ ಮೈಯವನನ್ನು ನೆಲಕ್ಕೆ ಕೆಡಹುವ ಉಪಾಯ ಅದೊಂದೇ. 2018ರಲ್ಲಿ ಆಟ ಶುರುವಾಗುವ ಗೆರೆಯಿಂದ ಐದು ಯಾರ್ಡ್ ಮುಂದೆ ಹೋದ ಮೇಲೆ ಅದನ್ನು ನಿಷೇಧಿಸಿದರು. 2022ರಲ್ಲಿ ಟ್ಯಾಕಲ್ ಬಾಕ್ಸ್ ಎಂಬ ಒಳ ಆವರಣದ ಆಚೆ ಪೂರ್ತಿಯಾಗಿಯೇ ನಿಷೇಧಿಸಿದರು. ಮೊಣಕಾಲಿನ ಗಾಯಗಳನ್ನು ಕಂಡವನಾಗಿ ನಾನು ಆ ನಿಯಮವನ್ನು ದೂರಲಾರೆ. ಆದರೆ ಅಂಚಿನಲ್ಲಿ ಓಡುವ ಪಿಚ್‌ಗೆ ದಾರಿ ಮಾಡಿಕೊಡುತ್ತಿದ್ದ ಸ್ಲಾಟ್‌ಬ್ಯಾಕ್, ತನಗಿಂತ ಇಪ್ಪತ್ತು ಕೆಜಿ ಹೆಚ್ಚು ತೂಗುವ ಲೈನ್‌ಬ್ಯಾಕರ್‌ನನ್ನು ಇನ್ನು ಎದೆಗೆ ಎದೆ ಕೊಟ್ಟೇ ತಡೆಯಬೇಕಾಯಿತು. ಆರ್ಮಿ ತಂಡ 2023ರಲ್ಲಿ ಶಾಟ್‌ಗನ್‌ಗೆ ಬದಲಾಯಿಸಿ ನೋಡಿತು. ಆರು ಗೆಲುವು, ಆರು ಸೋಲು. ಗೇನ್ಸ್‌ವಿಲ್‌ನಲ್ಲಿ ಗೆದ್ದ ಜಾರ್ಜಿಯಾ ಸದರ್ನ್‌ನ ಅಂದಿನ ತರಬೇತುದಾರ ಜೆಫ್ ಮಾಂಕನ್ 2014ರಿಂದ ಆರ್ಮಿಯ ಮುಖ್ಯ ತರಬೇತುದಾರರು. 2024ರಲ್ಲಿ ಅವರು ಸೆಂಟರ್‌ನ ಬೆನ್ನಿಗೆ ನಿಲ್ಲುವ ಆಟವನ್ನು ಮರಳಿ ತಂದರು, ಆದರೆ ಹಳೆಯದನ್ನು ಹಾಗೆಯೇ ತರಲಿಲ್ಲ. ಅಂಚಿನ ಪಿಚ್ ಕಡಿಮೆಯಾಗಿ ಒಳಸಾಲಿನ ಓಟ ಹೆಚ್ಚಿತು. ಫುಲ್‌ಬ್ಯಾಕ್‌ನಂತೆ ಕಟ್ಟುಮಸ್ತಾದ ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಆ ಋತುವಿನಲ್ಲಿ ಓಡಿಯೇ 32 ಟಚ್‌ಡೌನ್ ಗಳಿಸಿದರು. ತಂಡ 12 ಪಂದ್ಯ ಗೆದ್ದು, ತಾನು ಸೇರಿದ ಮೊದಲ ವರ್ಷವೇ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್‌ನ ಪ್ರಶಸ್ತಿ ಪಡೆಯಿತು.

ಅದೇ ವರ್ಷ ಇದರ ಮಿತಿಯೂ ಕಂಡಿತು. ಒಂಬತ್ತಕ್ಕೆ ಒಂಬತ್ತೂ ಗೆದ್ದು ಯಾಂಕೀ ಸ್ಟೇಡಿಯಂಗೆ ಬಂದ ಆರ್ಮಿಯನ್ನು ನಾಟ್ರ ಡೇಮ್ 49-14ರಿಂದ ಸೋಲಿಸಿತು. ಒಂದು ತಿಂಗಳ ಹಿಂದೆ ನೇವಿಗೂ 51-14ರ ಗತಿ ಆಗಿತ್ತು. ಇಂಥ ಪಂದ್ಯಗಳಲ್ಲಿ ಓದುವ ಲೆಕ್ಕ ಸರಿಯಿದ್ದರೂ ತಡೆಯಬೇಕಾದ ಒಂಬತ್ತು ಮಂದಿಯೇ ಹಿಂದೆ ತಳ್ಳಿಸಿಕೊಳ್ಳುತ್ತಾರೆ, ಮತ್ತು ಎರಡು ಟಚ್‌ಡೌನ್ ಹಿಂದೆ ಬಿದ್ದ ಆಪ್ಷನ್ ತಂಡಕ್ಕೆ ಬೇಗ ಅಂಕ ಗಳಿಸುವ ದಾರಿ ಇರುವುದಿಲ್ಲ. ಗಡಿಯಾರ ಅದರ ಗೆಳೆಯನಾಗುವುದು ಸಮ ಅಥವಾ ಮುಂದಿರುವಾಗ ಮಾತ್ರ. 2018ರಲ್ಲಿ ಆರ್ಮಿ ಅರವತ್ತು ನಿಮಿಷಗಳಲ್ಲಿ 44 ನಿಮಿಷ 41 ಸೆಕೆಂಡು ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡು, ಕೈಲರ್ ಮರ್ರೆ ಇದ್ದ ಒಕ್ಲಹೋಮಾವನ್ನು ಹೆಚ್ಚುವರಿ ಅವಧಿಯವರೆಗೆ ಎಳೆದು, 28-21ರಿಂದ ಸೋತಿತು. ಮರ್ರೆ ಆ ವರ್ಷ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದರು. ಅಂಥ ಆಟಗಾರನನ್ನು ಅಂಚಿನ ಬೆಂಚಿನಲ್ಲಿ ಕೂರಿಸಿದ್ದಕ್ಕಿಂತ ಒಳ್ಳೆಯ ರಕ್ಷಣೆ ಬೇರೆ ಯಾವುದಿತ್ತು? ಹತ್ತು ಯಾರ್ಡ್ ದಾಟಿ ಹೊಸದಾಗಿ ಮೊದಲ ಡೌನ್ ಸಿಕ್ಕಾಗ ಗಡಿಯಾರ ನಿಲ್ಲಿಸುವ ಪದ್ಧತಿಯನ್ನು 2023ರಿಂದ ಎರಡೂ ಅರ್ಧಗಳ ಕೊನೆಯ ಎರಡು ನಿಮಿಷಗಳಿಗೆ ಸೀಮಿತಗೊಳಿಸಿದ್ದೂ ಈ ತಂಡಗಳಿಗೆ ಸದ್ದಿಲ್ಲದೆ ಸಿಕ್ಕ ವರ.

ಇನ್ನು ಹುಡುಗರ ವಿಷಯ. 2021ರಿಂದ ವರ್ಗಾವಣೆ ಸಡಿಲವಾಗಿದೆ, ಹೆಸರು ಬಳಸಿ ಹಣ ಗಳಿಸುವ ಅವಕಾಶವೂ ಬಂದಿದೆ. ಎನ್‌ಎಫ್‌ಎಲ್ ಕನಸಿನ ಕ್ವಾರ್ಟರ್‌ಬ್ಯಾಕ್ ವರ್ಷಕ್ಕೆ ನೂರು ಪಾಸ್ ಎಸೆಯುವ ತಂಡಕ್ಕೆ ಬರಲಾರ. ಮೆಶ್‌ನ ಆ ಕ್ಷಣಕ್ಕೆ ಕೈ ಪಳಗಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಹುಡುಗನೇ ಊರು ಬಿಟ್ಟಿರುತ್ತಾನೆ. ಸೇನಾ ಅಕಾಡೆಮಿಗಳಲ್ಲಿ ಈ ಆಟ ಉಳಿದಿರುವುದಕ್ಕೆ ಇದೂ ಕಾರಣ. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಸೇವೆಯ ಹಾದಿ ಹಿಡಿದು ಬಂದವರು, ಸೇನೆಯ ದೈಹಿಕ ಮಾನದಂಡಗಳಿಂದಾಗಿ ಅವರ ಸಾಲಿನವರು ಹಗುರ, ಮತ್ತು ತಮ್ಮ ಹೊಣೆ ಬಿಟ್ಟು ಅಲುಗಾಡದ ಶಿಸ್ತು ಅವರಿಗೆ ಹೊಸದಲ್ಲ. ನೇವಿ ಈಗ ವಿಂಗ್-ಟಿ ಎಂಬ ಹಳೆಯ ಓಟದ ಪದ್ಧತಿಯನ್ನು ಬೆರೆಸಿದ ಹೊಸ ರೂಪ ಆಡುತ್ತದೆ. 2024ರ ಡಿಸೆಂಬರ್ 27ರಂದು ಅದರ ಕ್ವಾರ್ಟರ್‌ಬ್ಯಾಕ್ ಬ್ಲೇಕ್ ಹಾರ್ವತ್ 95 ಯಾರ್ಡ್ ಒಂದೇ ಓಟದಲ್ಲಿ ದಾಟಿದರು, ಮತ್ತು ನೇವಿ ಒಕ್ಲಹೋಮಾವನ್ನು 21-20ರಿಂದ ಸೋಲಿಸಿತು.

ಹೋದ ವಸಂತದಲ್ಲಿ ಶಾಲಾ ತರಬೇತುದಾರರೊಬ್ಬರು ಇಡೀ ಫ್ಲೆಕ್ಸ್‌ಬೋನ್ ತರುವೆನೆಂದು ನನ್ನ ಬಳಿ ಬಂದರು. ಅವರ ಸಾಲಿನವರು ಸಣ್ಣವರು, ಕ್ವಾರ್ಟರ್‌ಬ್ಯಾಕ್ ಗಟ್ಟಿಗ, ಪಾಸ್ ಎಸೆಯುವ ಕೈ ಮಾತ್ರ ಸಾಧಾರಣ. ತನ್ನಿ ಎಂದೆ. ಆದರೆ ಮೊದಲ ವರ್ಷ ಫುಲ್‌ಬ್ಯಾಕ್ ಮತ್ತು ಕ್ವಾರ್ಟರ್‌ಬ್ಯಾಕ್ ನಡುವಿನ ಒಂದೇ ಓದು ಸಾಕು, ಪಿಚ್ ಎರಡನೆಯ ವರ್ಷಕ್ಕಿರಲಿ, ಪ್ರತಿ ದಿನದ ಅಭ್ಯಾಸದಲ್ಲಿ ಇಪ್ಪತ್ತು ನಿಮಿಷ ಮೆಶ್‌ಗೇ ಮೀಸಲಿಡಿ ಎಂದೂ ಸೇರಿಸಿದೆ. ಇಪ್ಪತ್ತು ನಿಮಿಷ ಬಹಳವಾಯಿತಲ್ಲ ಎಂದು ಅವರು ಹುಬ್ಬೇರಿಸಿದರು. ಮೊದಲ ಮೂರು ಪಂದ್ಯಗಳಲ್ಲಿ ಚೆಂಡು ಒಂಬತ್ತು ಸಲ ನೆಲಕ್ಕೆ ಬಿತ್ತು. ಈಗ ಮೂವತ್ತು ನಿಮಿಷ ಮಾಡಿಸುತ್ತಿದ್ದಾರೆ.