ಜರ್ಮನ್‌ನಲ್ಲಿ ದಿನಚರಿ ಹೇಳುವಾಗ ಕ್ರಿಯಾಪದ ಎಲ್ಲಿಡಬೇಕು?

ಹುಬ್ಬಳ್ಳಿ-ಧಾರವಾಡದಲ್ಲಿ ಓದಿಗೋ ನರ್ಸಿಂಗ್ ಕೆಲಸಕ್ಕೋ ಅಂತ ಜರ್ಮನ್ ಕಲಿಯುವವರಿಗೆ ಎ1 ಎಂಬ ಮೊದಲ ಹಂತದಲ್ಲೇ ತಮ್ಮ ದಿನಚರಿ ಹೇಳಲು ಬರಬೇಕು. ಪದಗಳು ಬೇಗ ಬಾಯಿಗೆ ಬರುತ್ತವೆ, ವಾಕ್ಯ ಕೆಡುತ್ತದೆ. ಕೆಡುವುದು ಹೆಚ್ಚಾಗಿ ಕ್ರಿಯಾಪದದ ಜಾಗದಲ್ಲಿ.

'ನಾ ಆರಕ್ಕ ಏಳ್ತೀನಿ' ಎನ್ನುವಾಗ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಜರ್ಮನ್‌ನ ಸಾದಾ ಹೇಳಿಕೆಯಲ್ಲಿ ಅದರ ಜಾಗ ಎರಡನೆಯದು: 'ಇಶ್ ಶ್ಟೇಎ ಉಮ್ ಜೆಕ್ಸ್ ಊರ್ ಔಫ್'. ಏಳುವುದಕ್ಕೆ ಮೂಲಪದ 'ಔಫ್‌ಶ್ಟೇಎನ್'. ಇಲ್ಲಿ ಅದು ಒಡೆದು 'ಔಫ್' ವಾಕ್ಯದ ತುದಿಗೆ ಹೋಗಿದೆ. ಅದನ್ನು ನುಂಗಿದರೆ ಆರಕ್ಕೆ ಏಳುವ ಬದಲು ಆರಕ್ಕೆ ನಿಂತಿರುತ್ತೇನೆ ಎಂದಾಗುತ್ತದೆ! ಸಮಯವನ್ನು ಮುಂದೆ ತಂದರೆ 'ಉಮ್ ಜೆಕ್ಸ್ ಊರ್ ಶ್ಟೇಎ ಇಶ್ ಔಫ್'. 'ಉಮ್ ಜೆಕ್ಸ್ ಊರ್' ಮೂರೂ ಸೇರಿ ಒಂದೇ ಜಾಗ; 'ನಾನು' ಎಂಬ 'ಇಶ್' ಹಿಂದೆ ಸರಿಯಿತು, 'ಶ್ಟೇಎ' ಕದಲಲಿಲ್ಲ. 'ಉಮ್ ಜೆಕ್ಸ್ ಊರ್ ಇಶ್ ಶ್ಟೇಎ' ಎನ್ನುವುದು ಇಂಗ್ಲಿಷ್ ಮೂಲಕ ಯೋಚಿಸುವವರ ತಪ್ಪು.

ಉಳಿದ ಪದಗಳ ವಿಷಯದಲ್ಲಿ ಕನ್ನಡವನ್ನೇ ನಂಬಿ ಅಂತ ನಾನು ಹೇಳುತ್ತೇನೆ. 'ಎಂಟಕ್ಕ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋಗ್ತೀನಿ' ಎನ್ನುವಲ್ಲಿ ಮೊದಲು ಸಮಯ, ಆಮೇಲೆ ವಾಹನ, ಕಡೆಗೆ ಊರು. ಜರ್ಮನ್‌ನದೂ ಅದೇ ಸಾಲು: 'ಇಶ್ ಫಾರೆ ಉಮ್ ಅಖ್ಟ್ ಊರ್ ಮಿಟ್ ಡೇಮ್ ಬುಸ್ ನಾಖ್ ಹುಬ್ಬಳ್ಳಿ'. ಇಲ್ಲಿ 'ಗೇಎ' ಬೇಡ, ಅದು ನಡೆದು ಹೋಗುವುದಕ್ಕೆ. 'ಯಾಕಂದ್ರ' ಎಂಬರ್ಥದ 'ವೈಲ್' ಬಂದರಂತೂ ಕ್ರಿಯಾಪದವೂ ನಮ್ಮಂತೆ ಕೊನೆಗೆ ಹೋಗಿ, ಒಡೆದ ತುಂಡು ಮತ್ತೆ ಕೂಡಿಕೊಳ್ಳುತ್ತದೆ: 'ವೈಲ್ ಇಶ್ ಉಮ್ ಜೆಕ್ಸ್ ಊರ್ ಔಫ್‌ಶ್ಟೇಎ'.

ಕನ್ನಡ ಕೈಕೊಡುವ ಜಾಗಗಳೂ ಇವೆ. 'ಎಂದೂ ಕುಡಿಯೋದಿಲ್ಲ' ಎನ್ನಲು ನಮಗೆ 'ಎಂದೂ' ಜೊತೆ 'ಇಲ್ಲ' ಬೇಕೇ ಬೇಕು. ಜರ್ಮನ್‌ನ 'ನೀ' ಒಂದರಲ್ಲೇ ಎರಡೂ ಅಡಗಿವೆ. 'ಇಶ್ ಟ್ರಿಂಕೆ ನೀ ಕಫೆ' ಸಾಕು, 'ಇಲ್ಲ' ಎಂಬರ್ಥದ 'ನಿಶ್ಟ್' ಸೇರಿಸಬಾರದು. ಹಲ್ಲುಜ್ಜುವುದಕ್ಕೆ 'ಇಶ್ ಪುಟ್ಸೆ ಮಿಯರ್ ಡೀ ತ್ಸೇನೆ'. 'ನನ್ನ ಹಲ್ಲು' ಎನ್ನದೆ 'ನನಗೆ' ಎಂಬ 'ಮಿಯರ್' ಹಾಕುವುದು ಅಲ್ಲಿನ ರೂಢಿ.

ಗಡಿಯಾರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 'ಹಲ್ಪ್ ಅಖ್ಟ್' ಎಂದರೆ ಏಳೂವರೆ, ಎಂಟೂವರೆ ಅಲ್ಲ. ಎಂಟನೇ ತಾಸು ಅರ್ಧ ಮುಗಿದಿದೆ ಅಂತ ಅವರ ಲೆಕ್ಕ. ತಪ್ಪು ತಿಳಿದರೆ ಆಸ್ಪತ್ರೆಯ ಪಾಳಿಗೆ ಒಂದು ತಾಸು ತಡವಾಗಿ ಮುಟ್ಟುತ್ತೀರಿ. ಹೇಳುವಾಗ ಗೊಂದಲವೆನಿಸಿದರೆ 'ಜೀಬೆನ್ ಊರ್ ಡ್ರೈಸಿಶ್' ಅನ್ನಿ, ಅದೂ ಏಳೂವರೆಯೇ. ಆದರೆ ಎದುರಿನವರು 'ಹಲ್ಪ್' ಅಂದೇ ಅನ್ನುತ್ತಾರೆ, ಕಿವಿಗೆ ರೂಢಿಯಾಗಲೇಬೇಕು.

ನಿಮ್ಮದೇ ದಿನದ ಐದು ವಾಕ್ಯ ಬರೆಯಿರಿ. ಪ್ರತಿಯೊಂದನ್ನೂ 'ಇಶ್'ನಿಂದ ಒಮ್ಮೆ, ಸಮಯದಿಂದ ಒಮ್ಮೆ, 'ವೈಲ್' ಹಚ್ಚಿ ಒಮ್ಮೆ ಗಟ್ಟಿಯಾಗಿ ಹೇಳಿ. ಮೂರನ್ನೂ ತಡವರಿಸದೆ ಹೇಳಲು ಬಂದ ಮೇಲೆಯೇ ಹೊಸ ಕ್ರಿಯಾಪದಕ್ಕೆ ಕೈ ಹಾಕಿ.