ಕರಕಲಾಗುವ ಬಟ್ಟೆ, ಕರಗುವ ಬಟ್ಟೆ

ಗೇಟು, ಗ್ರಿಲ್ ಮಾಡುವ ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಗಾರರ ಪ್ಯಾಂಟನ್ನು ಮೊಣಕಾಲಿನಿಂದ ಕೆಳಕ್ಕೆ ಗಮನಿಸಿದರೆ ಜರಡಿಯಂತೆ ತೂತುಗಳು ಕಾಣುತ್ತವೆ. ಆ ತೂತುಗಳಲ್ಲಿ ಎರಡು ಜಾತಿ. ಒಂದರ ಅಂಚು ಕಪ್ಪಗಾಗಿರುತ್ತದೆ, ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಇನ್ನೊಂದರ ಅಂಚು ಸಣ್ಣ ಮಣಿಗಳನ್ನು ಪೋಣಿಸಿದಂತೆ ಗಟ್ಟಿಯಾಗಿ ಉಬ್ಬಿಕೊಂಡು ಉಗುರಿಗೆ ತಾಗುತ್ತದೆ. ಮೊದಲನೆಯದು ಹತ್ತಿ; ಎರಡನೆಯದು ಪಾಲಿಯೆಸ್ಟರ್ ಅಥವಾ ಅದು ಬೆರೆತ ಟೆರಿಕಾಟ್. ನುಣುಪಾದ ಬಟ್ಟೆಯ ಮೇಲೆ ಕಿಡಿ ಜಾರಿಹೋಗುತ್ತದೆ, ಹತ್ತಿಯಾದರೆ ಹೊತ್ತಿಕೊಳ್ಳುತ್ತದೆ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಈ ನಂಬಿಕೆಯ ಬೆಲೆಯನ್ನು ತೆರುವುದು ಬಟ್ಟೆಯಲ್ಲ, ಅದರ ಕೆಳಗಿನ ಚರ್ಮ.

ಮೊದಲು ಕಿಡಿಯ ವಿಚಾರ. ದೀಪಾವಳಿಯ ಸುರುಸುರು ಬತ್ತಿಯ ಕಿಡಿಗಳು ಸಾವಿರ ಡಿಗ್ರಿಯಷ್ಟು ಬಿಸಿಯಾಗಿದ್ದರೂ ಮಕ್ಕಳ ಕೈಮೇಲೆ ಬಿದ್ದು ಚುರುಕ್ ಎನ್ನಿಸಿ ಆರಿಹೋಗುತ್ತವೆ. ನೂರು ಡಿಗ್ರಿಯ ಕುದಿನೀರು ಒಂದು ಲೋಟದಷ್ಟು ಚೆಲ್ಲಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಉಷ್ಣತೆ ಬೇರೆ, ಉಷ್ಣದ ಮೊತ್ತ ಬೇರೆ. ಕರಗಿದ ಕಬ್ಬಿಣದ ಹನಿಯ ಉಷ್ಣತೆ 1538 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚೇ ಇರುತ್ತದೆ. ಒಂದು ಮಿಲಿಮೀಟರ್ ಅಡ್ಡಳತೆಯ ಹನಿ, ಅಂದರೆ ಹೆಚ್ಚುಕಡಿಮೆ ರಾಗಿ ಕಾಳಿನಷ್ಟು ದಪ್ಪದ್ದು, ಪೂರ್ತಿ ತಣ್ಣಗಾಗುವಷ್ಟರಲ್ಲಿ ಸುಮಾರು 5 ಜೂಲ್ ಉಷ್ಣವನ್ನು ಬಿಟ್ಟುಕೊಡುತ್ತದೆ. ಅದರ ಹತ್ತನೇ ಒಂದು ಅಡ್ಡಳತೆಯ ಕಣದಲ್ಲಿರುವ ಉಷ್ಣವಾದರೋ ಇದರ ಸಾವಿರದ ಒಂದು ಪಾಲು. ಸಾಲದ್ದಕ್ಕೆ, ಗಾತ್ರಕ್ಕೆ ಹೋಲಿಸಿದರೆ ಅದರ ಮೈ ಹತ್ತುಪಟ್ಟು ವಿಶಾಲವಾಗಿರುವುದರಿಂದ ಹಾರುವ ದಾರಿಯಲ್ಲೇ ಬೇಗ ಆರುತ್ತದೆ. ಹರಡಿಟ್ಟ ಅನ್ನ ಬೇಗ ಆರುತ್ತದೆ, ಮುದ್ದೆ ಒಳಗೆ ಬಿಸಿಯಾಗಿಯೇ ಉಳಿಯುತ್ತದೆ, ಇದೂ ಹಾಗೆಯೇ. ಗ್ರೈಂಡರಿನಿಂದ ಚಿಮ್ಮುವ ಕಿಡಿಗಳ ಬಾಣಬಿರುಸಿಗೆ ಹೆದರುವವರು ರಾಡಿನ ತುದಿಯಿಂದ ಸದ್ದಿಲ್ಲದೆ ತೊಟ್ಟಿಕ್ಕುವ ಒಂದು ದಪ್ಪ ಹನಿಗೆ ಹೆದರಬೇಕಿತ್ತು.

ಇನ್ನು ಬಟ್ಟೆ. ಇಲ್ಲೊಂದು ಸೋಜಿಗವಿದೆ. ಒಂದು ನೂಲು ಉರಿಯುತ್ತಲೇ ಇರಲು ಕನಿಷ್ಠ ಎಷ್ಟು ಶೇಕಡ ಆಮ್ಲಜನಕ ಬೇಕು ಎಂದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಹತ್ತಿಗೆ ಸುಮಾರು 18 ಸಾಕು, ಪಾಲಿಯೆಸ್ಟರಿಗೆ 20ರಿಂದ 21, ಉಣ್ಣೆಗೆ 25ರ ಆಸುಪಾಸು. ಗಾಳಿಯಲ್ಲಿರುವುದು 21. ಈ ಲೆಕ್ಕದಲ್ಲಿ ಹತ್ತಿಗಿಂತ ಪಾಲಿಯೆಸ್ಟರೇ ಮೇಲು! ಆದರೆ ಪಾಲಿಯೆಸ್ಟರ್ ಉರಿಯುವುದಕ್ಕೂ ಮೊದಲೇ, ಸುಮಾರು 255 ಡಿಗ್ರಿಯಲ್ಲಿ, ಕರಗುತ್ತದೆ. ಕರಗಿದ್ದು ಬೆಲ್ಲದ ಪಾಕದಂತೆ ಚರ್ಮಕ್ಕೆ ಅಂಟಿ ತನ್ನ ಉಷ್ಣವನ್ನೆಲ್ಲ ಅಲ್ಲಿಯೇ ಇಳಿಸುತ್ತದೆ. ಕೊಡವಿದರೆ ಹೋಗದು, ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಹತ್ತಿಗೆ ಕರಗುವ ಸ್ಥಿತಿಯೇ ಇಲ್ಲ. ಅದು ಕರಕಲಾಗಿ, ಹನಿಯನ್ನು ಒಂದು ಕ್ಷಣ ತಡೆದು, ಕೊಡವಿಕೊಳ್ಳಲು ಸಮಯ ಕೊಡುತ್ತದೆ.

ಹತ್ತಿಯ 18ಕ್ಕೂ ಗಾಳಿಯ 21ಕ್ಕೂ ನಡುವಿನ ಅಂತರ ಕಿರಿದು, ಆ ಕಿರಿದಾದ ಅಂತರವೇ ಬೆಂಕಿಯನ್ನು ಸಾವಕಾಶವಾಗಿ ಹಬ್ಬಿಸುತ್ತದೆ. ಗ್ಯಾಸ್ ವೆಲ್ಡಿಂಗ್ ಮಾಡುವ ಕೆಲವರಿಗೆ ಸಂಜೆ ಆಮ್ಲಜನಕದ ಪೈಪನ್ನೇ ಮೈಗೆ ಹಿಡಿದು ಅಂಗಿಯ ದೂಳು ಹಾರಿಸುವ ಅಭ್ಯಾಸವಿದೆ. ನೂಲಿನ ಸಂದಿಗಳಲ್ಲಿ ಆಮ್ಲಜನಕ ತುಂಬಿಕೊಂಡ ಅಂಗಿಗೆ ಬೀಡಿಯ ಕಿಡಿ ತಾಗಿದರೂ ಸಾಕು, ಆ ಅಂತರ ಹಿಗ್ಗಿರುವುದರಿಂದ ಅದು ಧಗ್ಗೆಂದು ಹೊತ್ತಿಕೊಳ್ಳುತ್ತದೆ. ಆಯುಧಪೂಜೆಯ ದಿನ ಯಂತ್ರಕ್ಕೆ ನಿಂಬೆಹಣ್ಣು ಕಟ್ಟುವುದಕ್ಕೆ ನನ್ನ ತಕರಾರಿಲ್ಲ, ಆದರೆ ಅದೇ ಅಂಗಡಿಯ ಮೊಳೆಯಲ್ಲಿ ಚರ್ಮದ ಏಪ್ರನ್ ವರ್ಷವಿಡೀ ದೂಳು ಹಿಡಿದು ನೇತಾಡುವುದನ್ನು ಕಂಡಾಗ ಸಿಟ್ಟು ಬರುತ್ತದೆ.

ಉಣ್ಣೆಯಲ್ಲಿ ಸಾರಜನಕವೂ ತೇವವೂ ಹೆಚ್ಚಿರುವುದರಿಂದ ಅದು ಸುಮಾರು 570 ಡಿಗ್ರಿಯವರೆಗೆ ಹೊತ್ತಿಕೊಳ್ಳದು. ಮೈಗೆ ಬೆಂಕಿ ಹತ್ತಿದವರಿಗೆ ಕಂಬಳಿ ಸುತ್ತುವ ನಮ್ಮ ಹಿರಿಯರ ರೂಢಿ ಸರಿಯಾದದ್ದೇ. ಬೆಂಗಳೂರಿನ ಏಪ್ರಿಲ್‌ನಲ್ಲಿ ಉಣ್ಣೆಯ ಅಂಗಿ ತೊಟ್ಟು ದುಡಿಯಿರಿ ಎಂದು ಯಾರಿಗೂ ಹೇಳಲಾಗದಷ್ಟೆ. ಹಾಗಾದರೆ ಹತ್ತಿಯನ್ನೇ ಬೆಂಕಿಗೆ ಬಗ್ಗದಂತೆ ಮಾಡಬಹುದೇ?

ಶಾಲೆಯಲ್ಲಿ ಅನಿಲ ನಿಯಮದ ಪಾಠದಲ್ಲಿ ಹೆಸರು ಕೇಳಿರುವ ಫ್ರಾನ್ಸಿನ ಗೇ ಲುಸಾಕ್, 18ನೇ ಲೂಯಿ ದೊರೆಯ ಕಾಲದಲ್ಲಿ ನಾಟಕಶಾಲೆಗಳ ಪರದೆಗಳಿಗೆ ಬೆಂಕಿ ಬೀಳುವುದನ್ನು ತಡೆಯಲು ಹೊರಟು, ಅಮೋನಿಯಂ ಫಾಸ್ಫೇಟ್, ನವಸಾಗರ ಮತ್ತು ಬಿಳಿಗಾರದ ದ್ರಾವಣದಲ್ಲಿ ಬಟ್ಟೆ ಅದ್ದುವ ವಿಧಾನವನ್ನು 1821ರಲ್ಲಿ ಪ್ರಕಟಿಸಿದ. ಇದರ ಒಳಗುಟ್ಟು ನನಗೆ ಬಹಳ ಇಷ್ಟ. ಬೆಂಕಿಯಲ್ಲಿ ಉರಿಯುವುದು ಬಟ್ಟೆಯಲ್ಲ, ಬಟ್ಟೆ ಬಿಸಿಯಾಗಿ ಹೊರಬಿಡುವ ಅನಿಲ. ಹತ್ತಿಯ ಸೆಲ್ಯುಲೋಸ್ ಸುಮಾರು 300 ಡಿಗ್ರಿ ದಾಟಿದಾಗ ಒಡೆದು ಸಕ್ಕರೆಯಂಥ ಒಂದು ವಸ್ತುವಾಗಿ ಆವಿಯಾಗುತ್ತದೆ; ಜ್ವಾಲೆಗೆ ಅದೇ ಮೇವು. ಫಾಸ್ಫೇಟ್ ಇದ್ದರೆ ಅದು ಬಿಸಿಗೆ ಆಮ್ಲವಾಗಿ ಸೆಲ್ಯುಲೋಸಿನಿಂದ ನೀರನ್ನು ಕಿತ್ತುಕೊಳ್ಳುತ್ತದೆ, ಇಂಗಾಲ ಅಲ್ಲೇ ಉಳಿಯುತ್ತದೆ. ಸಕ್ಕರೆಗೆ ಗಂಧಕಾಮ್ಲ ಸುರಿದಾಗ ಕಪ್ಪು ಇದ್ದಿಲು ಉಬ್ಬಿ ಬರುವ ಕಾಲೇಜಿನ ಪ್ರಯೋಗ ನೆನಪಿದ್ದವರಿಗೆ ಇದು ಕೂಡಲೇ ತಿಳಿಯುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಸೌದೆ ಭಗ್ಗನೆ ಉರಿಯುತ್ತದೆ, ಅನಿಲವೆಲ್ಲ ಮೊದಲೇ ಹೋಗಿರುವ ಇದ್ದಿಲು ಜ್ವಾಲೆ ಇಲ್ಲದೆ ಕೆಂಪಗೆ ಕಾಯುತ್ತದೆ. ಫಾಸ್ಫೇಟ್ ಮಾಡುವುದು ಸೌದೆ ಉರಿಯುವ ಮೊದಲೇ ಇದ್ದಿಲು ಸುಡುವವನ ಕೆಲಸವನ್ನು.

ಗೇ ಲುಸಾಕನ ಲವಣಗಳು ಒಂದೇ ಒಗೆತಕ್ಕೆ ನೀರುಪಾಲಾಗುತ್ತಿದ್ದವು. ರಂಜಕವನ್ನು, ಅಂದರೆ ಫಾಸ್ಫೇಟಿನಲ್ಲಿರುವ ಫಾಸ್ಫರಸ್ಸನ್ನು, ನೂಲಿನೊಳಗೇ ಬಿಗಿಯುವ ವಿಧಾನಗಳು 20ನೇ ಶತಮಾನದ ಮಧ್ಯಭಾಗದಲ್ಲಿ ಬಂದವು, ಇಂದಿನ ಬೆಂಕಿನಿರೋಧಕ ಹತ್ತಿಬಟ್ಟೆ ಬಹುಪಾಲು ಅವುಗಳ ಕೂಸು. ಅದನ್ನೂ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರೆ ಗುಣ ಕೆಡುತ್ತದೆ. ಗಡಸು ಕೊಳವೆಬಾವಿ ನೀರಿನಲ್ಲಿ ಸೋಪು ಹಾಕಿ ಒಗೆದರಂತೂ ನೂಲಿಗೆ ಜಿಡ್ಡಿನ ಗಷ್ಟು ಕಟ್ಟಿ, ಆ ಗಷ್ಟೇ ಹೊತ್ತಿಕೊಳ್ಳುತ್ತದೆ. ಗ್ರೀಸು ಮೆತ್ತಿದ ಅಂಗಿಯದೂ ಇದೇ ಪಾಡು.

ಹೊಲಿಗೆಯ ವಿನ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಮಡಿಚಿದ ಪ್ಯಾಂಟಿನ ಅಂಚು, ಮುಚ್ಚಳವಿಲ್ಲದ ಜೇಬು, ತುದಿ ಬಿಚ್ಚಿಕೊಂಡ ತೋಳು, ಇವೆಲ್ಲ ಹನಿ ಬಂದು ಕೂರುವ ಗೂಡುಗಳು. ಒಮ್ಮೆ ನಾನೇ ಪ್ಯಾಂಟನ್ನು ಎರಡು ಸುತ್ತು ಮಡಿಚಿ ಹಳೆಯ ಕುರ್ಚಿಯೊಂದನ್ನು ಬೆಸೆಯುತ್ತಿದ್ದಾಗ, ಸುಟ್ಟ ಕಾಗದದ ವಾಸನೆ ಬಂದ ಮೇಲೆಯೇ ಮಡಿಕೆಯೊಳಗೆ ಹೊಗೆಯಾಡುತ್ತಿರುವುದು ತಿಳಿದದ್ದು. ಮುಖಕವಚ ಹಾಕಿಕೊಂಡವನಿಗೆ ಪಾದದ ಬಳಿಯ ಹೊಗೆ ಕಾಣುವುದಿಲ್ಲ. ಬಿಳಿ ಅಂಗಿಯೂ ಬೇಡ. ಅದು ನೇರಳಾತೀತ ಬೆಳಕನ್ನು ಕವಚದ ಕೆಳಗಿನಿಂದ ಗಲ್ಲಕ್ಕೆ ಪ್ರತಿಫಲಿಸುತ್ತದೆ.

ಬಟ್ಟೆ ಯಾವುದೆಂದು ಅಂಗಡಿಯವರ ಮಾತಿಗಿಂತ ಬೆಂಕಿಕಡ್ಡಿ ನಿಖರವಾಗಿ ಹೇಳುತ್ತದೆ. ಒಂದೆಳೆ ನೂಲನ್ನು ಇಕ್ಕಳದಲ್ಲಿ ಹಿಡಿದು ಸುಟ್ಟರೆ, ಕಾಗದದ ವಾಸನೆಯೂ ಹಗುರ ಬೂದಿಯೂ ಹತ್ತಿಯ ಗುರುತು, ಸುಟ್ಟ ಕೂದಲಿನ ವಾಸನೆ ಉಣ್ಣೆಯದು, ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಈಗಿನ ಎಳೆದರೆ ಹಿಗ್ಗುವ ಜೀನ್ಸ್‌ಗಳ ನೂಲು ಹಲವು ಸಲ ಹೀಗೆಯೇ ಮಣಿಗಟ್ಟುತ್ತದೆ. ಆ ಎಳೆಯನ್ನು ನೇಯ್ಗೆಯಿಂದಲೇ ಎಳೆದು ತೆಗೆಯಬೇಕು, ಹೊಲಿಗೆಯಿಂದಲ್ಲ. ಏಕೆಂದರೆ ಅಪ್ಪಟ ಹತ್ತಿಯ ಅಂಗಿಯನ್ನೂ ದರ್ಜಿ ಹೊಲಿದಿರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರದಿಂದ, ಮತ್ತು ವೆಲ್ಡರನ ಅಂಗಿಯ ತೋಳು ಎಷ್ಟೋ ಸಲ ಮೊದಲು ಬಿಟ್ಟುಕೊಳ್ಳುವುದು ಅಲ್ಲಿಯೇ.