ಎರಡು ಬಣ್ಣದ ಗುಳಿಗೆ

“ತಮಾ, ನಿನ್ನೆ ನುಂಗಿದ ಗುಳಿಗೆ ಇಡೀ ಹಾಂಗೇ ಹೊರಗೆ ಬಂಜು. ಕರಗಿದ್ದೇ ಇಲ್ಲೆ. ದುಡ್ಡು ದಂಡ.”

ಬೆಳಗಿನ ಏಳು ಗಂಟೆಗೆ ಶಿರಸಿ ಹತ್ತಿರದ ಹಳ್ಳಿಯಿಂದ ಅತ್ತೆಯ ಫೋನು. ಹೊರಗೆ ಅಂದರೆ ಎಲ್ಲಿಂದ ಎಂದು ನಾನು ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಆದರೆ ದುಡ್ಡೇನೂ ದಂಡವಾಗಿರಲಿಲ್ಲ. ಅವಳು ನುಂಗುತ್ತಿದ್ದದ್ದು ಸಕ್ಕರೆ ಕಾಯಿಲೆಗೆ ಕೊಡುವ, ನಿಧಾನಕ್ಕೆ ಬಿಡುಗಡೆಯಾಗುವ ಮೆಟ್‌ಫಾರ್ಮಿನ್. ಹೊಟ್ಟೆಯೊಳಗಿನ ನೀರು ತಾಗಿದರೆ ಆ ಗುಳಿಗೆಯ ಅಂಟು ಉಬ್ಬಿ ಲೋಳೆಯಾಗುತ್ತದೆ. ಔಷಧ ಗಂಟೆಗಟ್ಟಲೆ ಅದರೊಳಗಿಂದ ಜಿನುಗುತ್ತದೆ. ಪೂರ್ತಿ ಜಿನುಗಿದ ಮೇಲೆ ಉಳಿಯುವುದು ಖಾಲಿ ಕವಚ, ಕೆಲವರಲ್ಲಿ ಅದು ಆಕಾರ ಕೆಡದೆ ಮಲದಲ್ಲಿ ಹೋಗುತ್ತದೆ. ಆಲೆಮನೆಯಲ್ಲಿ ಗಾಣದ ಆಚೆ ಬದಿಗೆ ಬೀಳುವ ಕಬ್ಬಿನ ಸಿಪ್ಪೆ ಇದ್ದಹಾಗೆ ಎಂದೆ. ಅವಳಿಗೆ ಅಷ್ಟೇ ಸಾಕಾಯಿತು.

ಮುಂದಿನ ವಾರ ಊರಿಗೆ ಹೋದಾಗ ಬಿಸ್ಕತ್ತಿನ ಹಳೇ ಡಬ್ಬಿ ನನ್ನ ಮುಂದೆ ಬಂತು. ಒಳಗೆ ಗುಳಿಗೆಗಳು, ಅದರಲ್ಲಿ ಕೆಲವು ಅರ್ಧರ್ಧ. ಅಡಕತ್ತರಿಯಲ್ಲಿ ಕತ್ತರಿಸಿದ್ದಳಂತೆ! ಅಡಿಕೆ ಹೋಳು ಮಾಡುವ ಕೈಗೆ ಗುಳಿಗೆ ಯಾವ ಲೆಕ್ಕ. ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಗುಲಾಬಿ ಬಣ್ಣದ ತೆಳು ಪದರ, ಕೆಳಗೆ ಬಿಳಿಯ ದಪ್ಪ ಪದರ. ಪಟ್ಟಿಯ ಹಿಂಬದಿಯಲ್ಲಿ ಎರಡು ಹೆಸರು: ಗ್ಲಿಮೆಪಿರೈಡ್ 1 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ.

“ಮೊದಲು ಒಂದೇ ಔಷಧ ಇತ್ತು. ಈಗ ಎರಡು ಅಂದ್ರೆ ಶುಗರ್ ಜೋರಾಜು ಹೇಳಿ ಆತಲ. ಅದಕ್ಕೇ ಅರ್ಧ ಮಾಡ್ಕಂಡಿ.”

ಈ ತರ್ಕ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಗುಳಿಗೆಯ ಲೆಕ್ಕವೇ ಕಾಯಿಲೆಯ ಲೆಕ್ಕ ಎಂದು ತಿಳಿಯುತ್ತಾರೆ. ಎರಡನೆಯದು ಬಂದರೆ ಸೋತ ಹಾಗೆ, ಮೂರನೆಯದು ಬಂದರೆ ಮುಗಿದ ಹಾಗೆ. ಹಾಗಾಗಿ ಡಾಕ್ಟರಿಗೆ ತಿಳಿಯದಂತೆ ಅರ್ಧ ಮಾಡುವುದು, ದಿನ ಬಿಟ್ಟು ದಿನ ನುಂಗುವುದು. ನಿಧಾನಕ್ಕೆ ಜಿನುಗಬೇಕಾದ ಗುಳಿಗೆಯನ್ನು ಸಿಕ್ಕಿದಲ್ಲಿ ಕತ್ತರಿಸಿದರೆ ಅದು ಜಿನುಗುವ ಲೆಕ್ಕವೇ ತಪ್ಪುತ್ತದೆ ಎಂಬುದು ಬೇರೆ ಮಾತು.

ಎರಡು ಔಷಧ ಯಾಕೆ ಎಂಬುದಕ್ಕೆ ಉತ್ತರ ಅತ್ತೆಯ ಇನ್ನೊಂದು ತಕರಾರಿನಲ್ಲೇ ಇತ್ತು. “ರಾತ್ರಿ ಬರೀ ಗಂಜಿ ಉಂಡಿದ್ದಿ. ಬೆಳಗಾಪ್ಪ ಹೊತ್ತಿಗೆ ಶುಗರ್ 168 ಎಲ್ಲಿಂದ ಬಂತು?” ಗಂಜಿಯಿಂದ ಬಂದದ್ದಲ್ಲ, ಯಕೃತ್ತಿನಿಂದ. ನಾವು ಮಲಗಿದಾಗ ಮಿದುಳಿಗೆ ಉಪವಾಸ ಬೀಳಬಾರದೆಂದು ಯಕೃತ್ತು ರಾತ್ರಿಯಿಡೀ ಅಷ್ಟಿಷ್ಟು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಸಾಕು ಎಂದು ಅದಕ್ಕೆ ಹೇಳುವುದು ಇನ್ಸುಲಿನ್. ವಯಸ್ಕರಲ್ಲಿ ಬರುವ ಎರಡನೇ ಮಾದರಿಯ ಮಧುಮೇಹದಲ್ಲಿ ಯಕೃತ್ತು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಸ್ನಾಯುಗಳೂ ಕಿವುಡು, ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುವುದಿಲ್ಲ. ಇತ್ತ ಇನ್ಸುಲಿನ್ ತಯಾರಿಸುವ ಮೇದೋಜೀರಕದ ಬೀಟಾ ಕೋಶಗಳು ದಣಿಯುತ್ತ ಬರುತ್ತವೆ. ಮೂತ್ರಪಿಂಡ ಮಾತ್ರ ಇದ್ದ ಸಕ್ಕರೆಯನ್ನು ಪೋಲು ಮಾಡಬಾರದೆಂದು ಸೋಸಿದ್ದನ್ನು ಮತ್ತೆ ಒಳಕ್ಕೇ ಕಳಿಸುತ್ತಿರುತ್ತದೆ. ಆಷಾಢದಲ್ಲಿ ತೋಟಕ್ಕೆ ನೀರು ನುಗ್ಗಿದಾಗ ಗುಡ್ಡದ ನೀರು ತಿರುಗಿಸಲು ಒಬ್ಬ, ಬಸಿಗಾಲುವೆ ಬಿಡಿಸಲು ಇನ್ನೊಬ್ಬ ಬೇಕು. ಒಬ್ಬನಿಗೇ ಎರಡು ಗುದ್ದಲಿ ಕೊಟ್ಟರೆ ಆಗದು.

ಗುದ್ದಲಿಯ ಮಾತು ಸುಮ್ಮನೆ ಬಂದದ್ದಲ್ಲ. ಒಂದೇ ಗುಳಿಗೆಯ ಪ್ರಮಾಣವನ್ನು ಏರಿಸುತ್ತ ಹೋದರೆ ಒಂದು ಹಂತದ ಮೇಲೆ ಲಾಭ ಕಡಿಮೆ, ತೊಂದರೆ ಜಾಸ್ತಿ. ಗ್ಲಿಮೆಪಿರೈಡ್ ಜಾತಿಯ ಔಷಧಗಳು ತಮ್ಮ ಬಹುಪಾಲು ಕೆಲಸವನ್ನು ಗರಿಷ್ಠ ಪ್ರಮಾಣದ ಅರ್ಧದೊಳಗೇ ಮಾಡಿ ಮುಗಿಸಿರುತ್ತವೆ. ಅದನ್ನೇ ದುಪ್ಪಟ್ಟು ಮಾಡುವುದಕ್ಕಿಂತ ಬೇರೆ ಜಾಗದಲ್ಲಿ ಕೆಲಸ ಮಾಡುವ ಇನ್ನೊಂದನ್ನು ಸಣ್ಣ ಪ್ರಮಾಣದಲ್ಲಿ ಸೇರಿಸಿದರೆ ಸಕ್ಕರೆ ಹೆಚ್ಚು ಇಳಿಯುತ್ತದೆ.

ಬಿಳಿಯ ಪದರದ ಮೆಟ್‌ಫಾರ್ಮಿನ್‌ದು ಯಕೃತ್ತಿನ ಕಡೆಯ ಕೆಲಸ. ಅದರ ಮೂಲ ಯುರೋಪಿನ ಗಲೆಗಾ ಎಂಬ ನೇರಳೆ ಹೂವಿನ ಗಿಡ. ಆ ಗಿಡದ ಒಂದು ರಾಸಾಯನಿಕದ ಬಳಗಕ್ಕೇ ಸೇರಿದ್ದು ಇದು. 1922ರಲ್ಲಿ ಡಬ್ಲಿನ್ನಿನ ವಿಜ್ಞಾನಿಗಳು ಮೆಟ್‌ಫಾರ್ಮಿನ್ ತಯಾರಿಸಿದರು. ಆಮೇಲೆ ಅದನ್ನು ಕೇಳುವವರೇ ಇರಲಿಲ್ಲ. 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾಂ ಸ್ಟೆರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಇವತ್ತಿಗೂ ಬಹುತೇಕರ ಮೊದಲ ಗುಳಿಗೆ ಅದೇ. ಅಗ್ಗ. ಒಂದೇ ತೆಗೆದುಕೊಂಡರೆ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುವುದಿಲ್ಲ. ಶುರುವಿನಲ್ಲಿ ಹೊಟ್ಟೆ ಗುಡುಗುಡು ಅನ್ನುವುದುಂಟು, ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ಮೂತ್ರಪಿಂಡ ತೀರಾ ಸೋತವರಿಗೆ ಕೊಡುವುದಿಲ್ಲ. ಇನ್ನೊಂದು ಸಂಗತಿ ಘಟ್ಟದ ಮೇಲಿನ ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಮುಖ್ಯ. ವರ್ಷಗಟ್ಟಲೆ ತೆಗೆದುಕೊಂಡರೆ ದೇಹಕ್ಕೆ ಬಿ12 ಜೀವಸತ್ವ ಸರಿಯಾಗಿ ಸೇರುವುದಿಲ್ಲ. ಕಾರವಾರ, ಅಂಕೋಲೆಯ ಕಡೆ ದಿನಾ ಮೀನು ತಿನ್ನುವವರಿಗೆ ಆಹಾರದಿಂದಾದರೂ ಒಂದಿಷ್ಟು ಸಿಗುತ್ತದೆ. ತಂಬುಳಿ, ಅಪ್ಪೆಹುಳಿಯಲ್ಲಿ ಊಟ ಮುಗಿಸುವವರಿಗೆ ಹಾಲು ಮಜ್ಜಿಗೆಯೇ ಗತಿ. ಕಾಲು ಜೋಮು ಹಿಡಿದರೆ ಎಲ್ಲವನ್ನೂ ಶುಗರಿನ ತಲೆಗೆ ಕಟ್ಟುವ ಮೊದಲು ಬಿ12 ಒಮ್ಮೆ ನೋಡಿಸುವುದು ಒಳ್ಳೆಯದು.

ಗುಲಾಬಿ ಪದರದ ಕತೆ ಬೇರೆ. 1942ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ಮಾರ್ಸೆಲ್ ಜಾನ್‌ಬಾನ್ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧ ಕೊಟ್ಟರು. ಕೆಲವು ರೋಗಿಗಳು ಸಕ್ಕರೆ ಇಳಿದು ಕುಸಿದರು. ಅದೇ ಊರಿನ ಲೂಬಾತಿಯೇರ್ ಎಂಬವರು ಕಾರಣ ಹುಡುಕಿದರು: ಆ ಔಷಧ ಮೇದೋಜೀರಕವನ್ನು ಚುಚ್ಚಿ ಇನ್ಸುಲಿನ್ ಹೊರಡಿಸುತ್ತದೆ. ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಮೆಪಿರೈಡ್ ಎಲ್ಲ ಅದರದೇ ಸಂತಾನ. ಅಂದರೆ ಈ ಔಷಧ ಕುಟುಂಬ ಬೆಳಕಿಗೆ ಬಂದದ್ದೇ ಸಕ್ಕರೆ ಕುಸಿತ ಎಂಬ ಅಡ್ಡಪರಿಣಾಮದಿಂದ. ಆ ಗುಣ ಇನ್ನೂ ಬಿಟ್ಟಿಲ್ಲ. ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ, ಇನ್ಸುಲಿನ್ ಹೊರಡಿಸುತ್ತದೆ.

ಪಟ್ಟಿಯ ಮೇಲಿನ ಅಂಕಿ ಮೋಸ ಮಾಡುವುದೂ ಇಲ್ಲೇ. 500 ಎಂದರೆ ಜೋರು, 1 ಎಂದರೆ ಲೆಕ್ಕಕ್ಕಿಲ್ಲ ಎಂದು ಅತ್ತೆ ತಿಳಿದಿದ್ದಳು. ಕತ್ತರಿಸಿದ ಗುಳಿಗೆಯಿಂದ ಶುಗರ್ ಏರಿ, ಡಾಕ್ಟರ ಹತ್ತಿರ ಬೈಸಿಕೊಂಡು, ಇಡೀ ಗುಳಿಗೆಗೆ ಮರಳಿದ ಮೇಲೆ ಏಕಾದಶಿ ಬಂತು. ಉಪವಾಸಕ್ಕೆ ಊಟ ಬಿಡಬಹುದು, ಔಷಧ ಬಿಡಬಾರದು ಎಂದು ಎಂಟು ಗಂಟೆಗೆ ನೀರಿನ ಜೊತೆ ನುಂಗಿದಳು. ಹನ್ನೊಂದರ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವಳಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮಾವ ಓಡಿಬಂದು ಜೋನಿ ಬೆಲ್ಲ ನೀರಲ್ಲಿ ಕದಡಿ ಕುಡಿಸಿದ. ಕಾಲು ಗಂಟೆಯಲ್ಲಿ ಎದ್ದು ಕೂತಳು. ಅವಳನ್ನು ಕೆಡವಿದ್ದು ಆ ಒಂದೇ ಒಂದು ಮಿಲಿಗ್ರಾಂ.

ಬೆಲ್ಲದ ನೀರು ಕೆಲಸ ಮಾಡಿದ್ದು ಪುಣ್ಯ. ಅವಳು ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ತೆಗೆದುಕೊಳ್ಳುತ್ತಿದ್ದರೆ ತಡವಾಗುತ್ತಿತ್ತು. ಆ ಜಾತಿಯ ಔಷಧಗಳು ಕರುಳಿನಲ್ಲಿ ಪಿಷ್ಟ ಮತ್ತು ಸಕ್ಕರೆ ಒಡೆಯುವುದನ್ನೇ ನಿಧಾನಿಸುತ್ತವೆ. ಆಗ ಬೇಕಾದದ್ದು ಒಡೆಯುವ ಅಗತ್ಯವೇ ಇಲ್ಲದ ಗ್ಲೂಕೋಸ್ ಪುಡಿ. ನಮ್ಮ ಕಾಡಿನ ಏಕನಾಯಕನ ಬೇರಿನಲ್ಲೂ ಇದೇ ಬಗೆಯ ಅಂಶವಿದೆ, ಸಲಾಸಿನಾಲ್ ಎಂದು ಅದರ ಹೆಸರು. ಗುಳಿಗೆಯ ಜೊತೆ ಯಾರಿಗೂ ಹೇಳದೆ ಆ ಬೇರಿನ ಕಷಾಯ ಕುಡಿಯುವವರು ಬೇಕಷ್ಟು ಮಂದಿ. ಅವರೂ ಒಂದು ತರಹ ಜೋಡಿ ಔಷಧದವರೇ, ಚೀಟಿಯಲ್ಲಿ ಬರೆದಿಲ್ಲ ಅಷ್ಟೆ.

ಗುಳಿಗೆ ಹೆಚ್ಚುವುದು ರೋಗಿಯ ತಪ್ಪಿನಿಂದಲೇ ಎಂಬ ಮಾತು ನಿಜವಲ್ಲ. 1977ರಲ್ಲಿ ಬ್ರಿಟನ್ನಿನಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಳ್ಳುವ ದೀರ್ಘ ಅಧ್ಯಯನವೊಂದು ಆರಂಭವಾಯಿತು. ಕಾಯಿಲೆ ಪತ್ತೆಯಾಗುವಷ್ಟರಲ್ಲೇ ಬೀಟಾ ಕೋಶಗಳ ಸಾಮರ್ಥ್ಯ ಅರ್ಧಕ್ಕೆ ಇಳಿದಿರುತ್ತದೆ ಎಂದು ಅದರಿಂದ ಗೊತ್ತಾಯಿತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿಯನ್ನು 7ರ ಕೆಳಗೆ ಇರಿಸಿಕೊಳ್ಳಲು ಒಂದೇ ಔಷಧ ಸಾಕಾದದ್ದು, ಮೂರು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಜನರಿಗೆ. ಒಂಬತ್ತು ವರ್ಷದ ಹೊತ್ತಿಗೆ ಕಾಲು ಭಾಗಕ್ಕೆ. ಪಥ್ಯ, ನಡಿಗೆ ಬೇಡವೆಂದಲ್ಲ. ಆದರೆ ತೊಡದೇವು ಮುಟ್ಟದವನಿಗೂ ಎರಡನೆಯ ಗುಳಿಗೆ ಬರಬಹುದು.

ಹಾಗಾದರೆ ಮೊದಲೇ ಎರಡು ಕೊಟ್ಟರೆ? 2019ರಲ್ಲಿ ಪ್ರಕಟವಾದ ‘ವೆರಿಫೈ’ ಅಧ್ಯಯನ ಇದನ್ನೇ ಕೇಳಿತು. ಹೊಸ ಮಧುಮೇಹಿಗಳು 2,001 ಮಂದಿ, ಐದು ವರ್ಷ. ಮೆಟ್‌ಫಾರ್ಮಿನ್ ಒಂದರಲ್ಲೇ ಶುರು ಮಾಡಿದವರಲ್ಲಿ 62.1 ಶೇಕಡಾ ಜನರಿಗೆ ಆ ಮೊದಲ ಚಿಕಿತ್ಸೆ ಸಾಲದೆ ಹೋಯಿತು. ಮೊದಲ ದಿನದಿಂದಲೇ ಜೊತೆಗೆ ವಿಲ್ಡಾಗ್ಲಿಪ್ಟಿನ್ ಪಡೆದವರಲ್ಲಿ 43.6 ಶೇಕಡಾ.

ಈ ‘ಗ್ಲಿಪ್ಟಿನ್’ ಜಾತಿ ನನಗೆ ಇಷ್ಟವಾಗುವುದು ಅದರ ಸಂಕೋಚ ಸ್ವಭಾವಕ್ಕೆ. ಊಟ ಕರುಳಿಗೆ ಬಂದಾಗ ಅಲ್ಲಿಂದ ಹೊರಡುವ ಒಂದು ಹಾರ್ಮೋನು ಮೇದೋಜೀರಕಕ್ಕೆ ಸುದ್ದಿ ಮುಟ್ಟಿಸುತ್ತದೆ. ಆದರೆ ಡಿಪಿಪಿ-4 ಎಂಬ ಕಿಣ್ವ ಎರಡು ಮೂರು ನಿಮಿಷದಲ್ಲೇ ಅದನ್ನು ತುಂಡರಿಸುತ್ತದೆ. ಗ್ಲಿಪ್ಟಿನ್ ಆ ಕಿಣ್ವವನ್ನು ತಡೆಯುತ್ತದೆ. ಸಕ್ಕರೆ ಏರಿದ್ದಾಗ ಮಾತ್ರ ಆ ಹಾರ್ಮೋನಿನ ಮಾತು ನಡೆಯುವುದರಿಂದ ಕುಸಿತದ ಭಯ ಕಡಿಮೆ. ಇನ್ನು ‘ಗ್ಲಿಫ್ಲೋಜಿನ್’ಗಳು ಬಸಿಗಾಲುವೆ ಬಿಡಿಸುವವು. ಇವುಗಳ ಮೂಲಪುರುಷ ಫ್ಲೋರಿಜಿನ್ 1835ರಲ್ಲೇ ಸೇಬಿನ ಮರದ ಬೇರಿನ ತೊಗಟೆಯಲ್ಲಿ ಸಿಕ್ಕಿತ್ತು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆ ಸೋಸಿ ಎಲ್ಲವನ್ನೂ ಹಿಂದಕ್ಕೆ ಪಡೆಯುತ್ತವೆ. ಈ ಔಷಧ ಅದರಲ್ಲಿ 60–80 ಗ್ರಾಮಿನಷ್ಟನ್ನು ಮೂತ್ರದಲ್ಲೇ ಹೊರಗೆ ಬಿಡುತ್ತದೆ, ಹತ್ತಿರಹತ್ತಿರ ಹನ್ನೆರಡು ಹದಿನೈದು ಚಮಚ. ಹೃದಯಕ್ಕೆ, ಮೂತ್ರಪಿಂಡಕ್ಕೆ ರಕ್ಷಣೆ ಸಿಗುವುದು ದೊಡ್ಡ ಲಾಭ. ಸಕ್ಕರೆ ಸೇರಿದ ಮೂತ್ರದಿಂದ ಗುಪ್ತಾಂಗದಲ್ಲಿ ಬೂಸು ತುರಿಕೆ ಬರುವುದು ಕಿರಿಕಿರಿ, ಕರಾವಳಿಯ ಬೆವರಿನಲ್ಲಂತೂ ಹೇಳುವುದೇ ಬೇಡ. ವಾಂತಿಭೇದಿಯಾಗಿ ಊಟ ಬಿಟ್ಟ ದಿನ, ದೊಡ್ಡ ಉಪವಾಸದ ದಿನ, ಶಸ್ತ್ರಚಿಕಿತ್ಸೆಯ ಮುಂಚೆ ಇದನ್ನು ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಲೇಬೇಕು.

ಇವೆಲ್ಲ ಮೊದಲು ದುಬಾರಿ. ಪೇಟೆಂಟ್ ಮುಗಿದಂತೆ ಭಾರತದಲ್ಲಿ 2019ರ ಕೊನೆಗೆ ವಿಲ್ಡಾಗ್ಲಿಪ್ಟಿನ್, 2020ರಲ್ಲಿ ಡಾಪಾಗ್ಲಿಫ್ಲೋಜಿನ್, 2022ರಲ್ಲಿ ಸಿಟಾಗ್ಲಿಪ್ಟಿನ್, 2025ರಲ್ಲಿ ಎಂಪಾಗ್ಲಿಫ್ಲೋಜಿನ್ ಬೆಲೆ ಇಳಿಯಿತು. ಇದರ ಇನ್ನೊಂದು ಮುಖ, ಯಾವುದನ್ನು ಯಾವುದಕ್ಕೆ ಬೇಕಾದರೂ ಅಂಟಿಸಿ ಮಾರುವ ಚಟ. 2018ರಲ್ಲಿ ಕೇಂದ್ರ ಸರ್ಕಾರ 328 ಜೋಡಿ ಔಷಧಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಶುಗರಿನವೂ ಇದ್ದವು. ಒಂದೇ ಗುಳಿಗೆಯಾದರೆ ಮರೆವು ಕಡಿಮೆ, ಖರ್ಚೂ ಕಡಿಮೆ. ಆದರೆ ಒಂದು ಪದರವನ್ನು ಉಳಿಸಿ ಇನ್ನೊಂದನ್ನು ಬಿಡುತ್ತೇನೆ ಎನ್ನಲಾಗದು. ಏಕಾದಶಿಯ ದಿನ ಅತ್ತೆಗೆ ಆದದ್ದೂ ಅದೇ.

ಡಾಕ್ಟರು ಏಕಾದಶಿಯ ಕತೆ ಕೇಳಿ, ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಗ್ಲಿಮೆಪಿರೈಡ್ ತೆಗೆದು ಸಿಟಾಗ್ಲಿಪ್ಟಿನ್ ಬರೆದರು. ಮೆಟ್‌ಫಾರ್ಮಿನ್ ಹಾಗೇ ಉಳಿಯಿತು. ಹಳೆಯ ಪಟ್ಟಿಯಲ್ಲಿ ಏಳು ಗುಳಿಗೆ ಬಾಕಿ.

“ಆಚೆಮನೆ ಭಾವಂಗೂ ಶುಗರೇ ಅಲ್ದಾ. ಅವಂಗೆ ಕೊಟ್ರೆ ಆಗ್ತಿಲ್ಯಾ?”

ಭಾವನಿಗೆ ಎಪ್ಪತ್ತೆಂಟು. ಮೂತ್ರಪಿಂಡ ಅಷ್ಟಕ್ಕಷ್ಟೆ, ರಾತ್ರಿ ಊಟ ಅರ್ಧ ದೋಸೆ. ಆ ಗುಲಾಬಿ ಪದರ ಅವನ ಮೈಯಲ್ಲಿ ನಿನ್ನ ಮೈಯಲ್ಲಿದ್ದದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತದೆ, ರಾತ್ರಿ ಬೆವರಿದರೆ ಬೆಲ್ಲದ ನೀರು ಕೊಡುವವರು ಯಾರು ಎಂದು ಕೇಳಿದೆ. ಅತ್ತೆ ಏನೂ ಹೇಳದೆ ಪಟ್ಟಿಯನ್ನು ಬಿಸ್ಕತ್ತಿನ ಡಬ್ಬಿಗೇ ಹಾಕಿ ಮುಚ್ಚಿದಳು. ಮುಂದಿನ ಸಲ ಹೋದಾಗ ಏಳೂ ಅಲ್ಲೇ ಇವೆಯೋ ಎಣಿಸಬೇಕು.